ಉಡುಪಿ ಸೀಮೆಯ ಬೇಸಾಯದ ಗ್ರಾಮ

ಪಶ್ಚಿಮಘಟ್ಟದ ಬುಡದಿಂದ ಅರಬ್ಬೀ ಸಮುದ್ರದವರೆಗೆ ಇಳಿಜಾರಾಗಿ ಹಬ್ಬಿದ ಉಡುಪಿ, ಕಾಪು, ಕಾರ್ಕಳ ತಾಲೂಕುಗಳಲ್ಲಿ ಭತ್ತದ ಕೃಷಿಯನ್ನು ಆಧಾರವಾಗಿಟ್ಟುಕೊಂಡು ಬೆಳೆದ, ಮನೆಗಳು ಒಂದೆಡೆ ಗುಂಪುಗೂಡದೆ ತಮ್ಮ ತಮ್ಮ ಗದ್ದೆಗಳ ಮಗ್ಗುಲಲ್ಲಿ ಬಿಡಿಬಿಡಿಯಾಗಿ ನೆಲಸಿರುವ ಜನವಸತಿಯೇ ಉಡುಪಿ ಸೀಮೆಯ ಬೇಸಾಯದ ಗ್ರಾಮ. ಕಂದಾಯದ ಲೆಕ್ಕದಲ್ಲಿ ಗಡಿ ಗುರುತಿಸಿದ ಘಟಕಕ್ಕೆ ಗ್ರಾಮವೆಂದೂ, ಹಿಂದೆ ಇಂಥ ಹಲವು ಗ್ರಾಮಗಳನ್ನು ಕೂಡಿಸಿ ಮಾಡಿದ್ದ ವಿಭಾಗಕ್ಕೆ ಮಾಗಣೆಯೆಂದೂ, ಚುನಾಯಿತ ಆಡಳಿತವುಳ್ಳ ಇಂದಿನ ಘಟಕಕ್ಕೆ ಗ್ರಾಮ ಪಂಚಾಯತಿಯೆಂದೂ ಹೆಸರು. ಒಂದು ಪಂಚಾಯತಿಯ ವ್ಯಾಪ್ತಿಯಲ್ಲಿ ಒಂದಕ್ಕಿಂತ ಹೆಚ್ಚು ಗ್ರಾಮಗಳಿರುವುದು ಸಾಮಾನ್ಯ.

ಹೋಲಿಕೆಗಾಗಿ ನೋಡಿದರೆ, ಜರ್ಮನಿಯ ಬಹುಪಾಲು ಪ್ರಾಂತಗಳಲ್ಲಿ ರೈತರ ಮನೆಗಳು ಇಗರ್ಜಿಯ ಸುತ್ತಲೂ ದಾರಿಯ ಇಕ್ಕೆಲಗಳಲ್ಲಿಯೂ ಒತ್ತಾಗಿ ನಿಂತು, ಹೊಲಗಳು ಊರ ಹೊರಗೆ ಹಬ್ಬಿರುತ್ತವೆ. ಕರ್ನಾಟಕದ ಬಯಲುಸೀಮೆಯ ಹಳ್ಳಿಯಲ್ಲಿಯೂ ಜನ ಕೂಡುವುದಕ್ಕೆ ಊರ ನಡುವೆ ಒಂದು ಕಟ್ಟೆಯೋ ಚಾವಡಿಯೋ ಇರುತ್ತದೆ. ಉಡುಪಿ ಸೀಮೆಯ ಗ್ರಾಮಕ್ಕೆ ಅಂಥ ನಡುವೂರೆಂಬುದೇ ಇಲ್ಲ. ಆದಕಾರಣ ಇಲ್ಲಿನ ಸಾರ್ವಜನಿಕ ಅಧಿಕಾರವು ಭೂಮಿಯನ್ನು ಹಿಡಿದ ಮನೆಯ ಚಾವಡಿಯಲ್ಲಿಯೂ ದೈವಸ್ಥಾನದ ಅಂಗಳದಲ್ಲಿಯೂ ಬೇರೂರಿತು. ಆ ಅಧಿಕಾರವು ಹಂತಹಂತವಾಗಿ ಭೂಮಿಯಿಂದ ಬೇರ್ಪಟ್ಟು ಚುನಾವಣೆಯ ಮತಕ್ಕೆ ಸಂದದ್ದೇ ಈ ಗ್ರಾಮದ ರಾಜಕೀಯ ಚರಿತ್ರೆಯ ಮುಖ್ಯ ಸಂಗತಿ.

ಭೂಸ್ವರೂಪ ಮತ್ತು ರಚನೆ

ಮುರಕಲ್ಲಿನ ಬೋಳುಗುಡ್ಡಗಳೂ ಅವುಗಳ ನಡುವಣ ಇಕ್ಕಟ್ಟಾದ ಕಣಿವೆಗಳೂ ಈ ಸೀಮೆಯ ನೆಲದ ಲಕ್ಷಣ. ಗದ್ದೆಗಳಲ್ಲಿ ಮೂರು ವಿಧ. ಕಣಿವೆಯ ತಳದಲ್ಲಿ ಬಹುಕಾಲ ನೀರು ನಿಲ್ಲುವ ಭೂಮಿಗೆ ಬೈಲು, ಅದರ ಮೇಲಣ ಮಟ್ಟದಲ್ಲಿ ತೊರೆಯ ನೀರನ್ನು ತಿರುಗಿಸಿಕೊಂಡು ಬೆಳೆಯುವ ಭೂಮಿಗೆ ಮಜಲು, ಮಳೆಯನ್ನೇ ನಂಬಿದ ಎತ್ತರದ ಭೂಮಿಗೆ ಬೆಟ್ಟು ಎಂದು ಹೆಸರು. ಬೆಟ್ಟುವಿನಲ್ಲಿ ಮಳೆಗಾಲದ ಏಣೆಲು ಬೆಳೆಯೊಂದೇ. ಮಜಲಿನಲ್ಲಿ ಏಣೆಲಿನ ಮೇಲೆ ಸುಗ್ಗಿ. ಒಳ್ಳೆಯ ಬೈಲಿನಲ್ಲಿ ಇವೆರಡರ ಬಳಿಕ ಬೇಸಗೆಯ ಕೊಳಕೆಯೂ ಸಾಧ್ಯ. ಗೇಣಿಯ ದರ, ಹೆಣ್ಣು ಕೊಡುವ ಮನೆಯ ಆಯ್ಕೆ, ಪಾಲಿನ ಜಗಳ, ಇವೆಲ್ಲವೂ ಈ ವಿಂಗಡಣೆಯನ್ನು ಅನುಸರಿಸಿಯೇ ನಡೆಯುತ್ತಿದ್ದವು.

ಜೂನ್ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಮಳೆ ಧಾರಾಳವಾಗಿ ಸುರಿದರೂ ಅದು ಗುಡ್ಡದಿಂದ ಇಳಿದು ಕಡಲು ಸೇರಲು ಹೆಚ್ಚು ದಿನ ಹಿಡಿಯುವುದಿಲ್ಲ. ಆದ್ದರಿಂದ ಮಳೆ ಹಿಂದೆಗೆದೊಡನೆ ತೊರೆಗಳಿಗೆ ಕಲ್ಲು, ಮಣ್ಣು, ಸೊಪ್ಪುಗಳಿಂದ ಕಟ್ಟ ಕಟ್ಟಿ ಸುಗ್ಗಿಯ ಬೆಳೆಗೆ ನೀರನ್ನು ಹಿಡಿಯುವುದು ಪೂರ್ವದ ಪದ್ಧತಿ. ಕಟ್ಟವು ಒಬ್ಬನ ಕೆಲಸವಲ್ಲ. ಅದರ ನೀರಿನಿಂದ ಉಪಕೃತರಾಗುವ ಒಕ್ಕಲುಗಳೆಲ್ಲ ಮನೆಗೊಂದು ಆಳಿನಂತೆ ಕೂಡಿ ಅದನ್ನು ಕಟ್ಟಬೇಕಾಗಿತ್ತು, ಯಾರ ಗದ್ದೆಗೆ ಮೊದಲು ನೀರು, ಎಷ್ಟು ಹೊತ್ತು, ಎಂಬುದನ್ನು ಹಿರಿಯರು ನಿರ್ಣಯಿಸಬೇಕಾಗಿತ್ತು. ಗ್ರಾಮದ ಸಾಮುದಾಯಿಕ ಆಡಳಿತವು ಪ್ರತ್ಯಕ್ಷವಾಗಿ ಕಾಣುತ್ತಿದ್ದ ಸ್ಥಳಗಳಲ್ಲಿ ಇದೂ ಒಂದು.

ಗದ್ದೆಗೆ ಹೊಂದಿದ ಗುಡ್ಡ ಮತ್ತು ಹಾಡಿ ಬೇಸಾಯದ ಅವಿಭಾಜ್ಯ ಅಂಗಗಳು. ಸಾಗುವಳಿ ಭೂಮಿಯ ಗಡಿಯಿಂದ ಸುಮಾರು ನೂರು ಗಜದೊಳಗಿನ ಸರಕಾರಿ ಭೂಮಿಯಲ್ಲಿ ಸೊಪ್ಪು, ಸೌದೆ, ಹುಲ್ಲುಗಳನ್ನು ತೆಗೆದುಕೊಳ್ಳುವುದಕ್ಕೆ ಆ ಭೂಮಿಯ ಒಡೆಯನಿಗಿರುವ ವಿಶೇಷ ಸೌಲಭ್ಯಕ್ಕೆ ಕುಮ್ಕಿ ಎಂದು ಹೆಸರು. ಇದು ಸ್ವಾಮ್ಯವಲ್ಲ, ಅನುಭೋಗದ ಹಕ್ಕು ಮಾತ್ರ.

ಪ್ರಾಚೀನ ಆಡಳಿತ

ಈ ಸೀಮೆಯನ್ನು ಬಹು ಶತಮಾನಗಳ ಕಾಲ ಆಳಿದ ಆಳುಪರಿಗೆ ಉದ್ಯಾವರ, ಬಾರಕೂರು, ಮಂಗಳೂರುಗಳು ಕಾಲಕಾಲಕ್ಕೆ ರಾಜಧಾನಿಗಳಾಗಿದ್ದವು. ಕಾರ್ಕಳ ತಾಲೂಕಿನ ಬೆಳ್ಮಣ್ಣಿನಲ್ಲಿ ದೊರೆತ, ಇಮ್ಮಡಿ ಆಳುವರಸನ ಕಾಲದ್ದೆನ್ನಲಾದ ಎಂಟನೆಯ ಶತಮಾನದ ತಾಮ್ರಶಾಸನವು ಕನ್ನಡದ ಅತಿ ಪ್ರಾಚೀನ ತಾಮ್ರಪಟಗಳ ಸಾಲಿನಲ್ಲಿ ಅಗ್ರಸ್ಥಾನದಲ್ಲಿದ್ದು, ಆಳುಪರ ಲಾಂಛನವಾದ ಜೋಡಿ ಮೀನನ್ನು ಹೊತ್ತಿದೆ. ಇಂದು ಕಾರ್ಕಳ–ಪಡುಬಿದ್ರಿ ಹೆದ್ದಾರಿಯ ಬದಿಯ ಒಂದು ಸಾಧಾರಣ ಊರಾಗಿ ತೋರುವ ಬೆಳ್ಮಣ್ಣಿಗೆ ಹನ್ನೆರಡು ನೂರು ವರ್ಷಗಳ ಹಿಂದೆಯೇ ಲಿಖಿತ ಆಡಳಿತದ ಪರಿಚಯವಿತ್ತೆಂಬುದು ಸಣ್ಣ ಸಂಗತಿಯಲ್ಲ.

ವಿಜಯನಗರದ ಕಾಲದಲ್ಲಿ ತುಳುನಾಡು ಬಾರಕೂರು, ಮಂಗಳೂರು ಎಂಬ ಎರಡು ರಾಜ್ಯಗಳಾಗಿ ವಿಭಾಗಗೊಂಡಿತ್ತು. ಅವುಗಳ ಕೆಳಗೆ ಸ್ಥಳೀಯ ಅರಸುಮನೆತನಗಳು ಬಹುಮಟ್ಟಿಗೆ ಸ್ವತಂತ್ರವಾಗಿಯೇ ನಡೆದುಕೊಂಡವು. ಅವುಗಳಲ್ಲಿ ಕಾರ್ಕಳದ ಭೈರರಸರು ಪ್ರಮುಖರು. 1432ರಲ್ಲಿ ವೀರಪಾಂಡ್ಯನು ಗೊಮ್ಮಟನನ್ನು ಪ್ರತಿಷ್ಠಾಪಿಸಿದ್ದೂ 1586ರಲ್ಲಿ ಇಮ್ಮಡಿ ಭೈರರಸನು ಚತುರ್ಮುಖ ಬಸದಿಯನ್ನು ಕಟ್ಟಿಸಿದ್ದೂ ಶಿಲ್ಪದ ಚರಿತ್ರೆಯಲ್ಲಿ ಪ್ರಸಿದ್ಧವಾದ ಘಟನೆಗಳು. ಗ್ರಾಮದ ಚರಿತ್ರೆಗೆ ಮುಖ್ಯವಾದದ್ದು, ಇಂಥ ದೇವಸ್ಥಾನಗಳ ನಿತ್ಯಪೂಜೆಯ ವೆಚ್ಚಕ್ಕಾಗಿ ಸುತ್ತಣ ಗ್ರಾಮಗಳ ಅಕ್ಕಿಯನ್ನು ಬಿಟ್ಟುಕೊಟ್ಟ ವ್ಯವಸ್ಥೆ. ವರಂಗದ ನೇಮಿನಾಥ ಬಸದಿಗೆ 1424ರಲ್ಲಿ ವಿಜಯನಗರದ ದೇವರಾಯನು ವರಂಗ ಗ್ರಾಮವನ್ನೇ ದತ್ತಿಯಾಗಿ ಕೊಟ್ಟನು. ಹದಿಮೂರನೆಯ ಶತಮಾನದಲ್ಲಿ ಮಧ್ವಾಚಾರ್ಯರಿಂದ ಆರಂಭವಾದ ಪರಂಪರೆಯ ಅಷ್ಟಮಠಗಳಲ್ಲಿ ಪಲಿಮಾರು, ಅದಮಾರು, ಪುತ್ತಿಗೆ, ಶೀರೂರು ಮೊದಲಾದವು ಗ್ರಾಮಗಳ ಹೆಸರನ್ನೇ ಹೊತ್ತಿವೆ. ಹೀಗೆ ಬಸದಿ, ಮಠ, ದೇವಸ್ಥಾನಗಳು ಕೇವಲ ಪೂಜಾಸ್ಥಾನಗಳಾಗಿರದೆ ದೊಡ್ಡ ಭೂಹಿಡುವಳಿದಾರರೂ ಆದವು, ಸಾವಿರಾರು ಒಕ್ಕಲುಗಳಿಗೆ ಧಣಿಗಳೂ ಆದವು.

ಹದಿನೇಳನೆಯ ಶತಮಾನದಲ್ಲಿ ಕೆಳದಿಯ ನಾಯಕರು, 1763ರಿಂದ ಹೈದರಾಲಿ ಮತ್ತು ಟಿಪ್ಪು ಸುಲ್ತಾನರು ಈ ನಾಡನ್ನು ಆಳಿದರು. ಅರಸರು ಬದಲಾದಂತೆ ಕಂದಾಯದ ಮೇಲೆ ಹೆಚ್ಚುವರಿ ತೆರಿಗೆಗಳು ಕೂಡುತ್ತ ಹೋದುವೇ ಹೊರತು ಗ್ರಾಮದ ಒಳರಚನೆ ಹೆಚ್ಚು ಬದಲಾಗಲಿಲ್ಲ.

ಗುತ್ತು ಮತ್ತು ದೈವಸ್ಥಾನ

ಗ್ರಾಮದ ಮುಖ್ಯ ಭೂಮಾಲಿಕ ಮನೆತನಕ್ಕೆ ಗುತ್ತು ಎಂದೂ, ಅದಕ್ಕಿಂತ ಮೇಲಿನ, ಅರಸೊತ್ತಿಗೆಯ ಸಂಬಂಧವುಳ್ಳ ಮನೆಗೆ ಬೀಡು ಎಂದೂ ಹೆಸರು. ಗುತ್ತಿನ ಮನೆಗಳು ಹೆಚ್ಚಾಗಿ ಬಂಟರವು ಮತ್ತು ಜೈನರವು. ಉತ್ತರಾಧಿಕಾರವು ಅಳಿಯಸಂತಾನ ಕಟ್ಟಿಗೆ ಅನುಸಾರವಾಗಿ ಹೆಣ್ಣಿನ ಸಂತತಿಯಲ್ಲಿ ಇಳಿಯುತ್ತಿತ್ತು. ಈ ಕಟ್ಟನ್ನು ಭೂತಾಳಪಾಂಡ್ಯನೆಂಬ ಅರಸನು ವಿಧಿಸಿದನೆಂಬುದು ಐತಿಹ್ಯ. ಆಸ್ತಿಯು ಕುಟುಂಬದ ಅವಿಭಕ್ತ ಸ್ವತ್ತಾಗಿದ್ದು, ಯಜಮಾನನಾದ ಸೋದರಮಾವನು ಅದನ್ನು ನೋಡಿಕೊಳ್ಳುತ್ತಿದ್ದನು. ವಿಭಾಗದ ಹಕ್ಕನ್ನು ಕಾನೂನು ಸ್ಪಷ್ಟವಾಗಿ ಕೊಟ್ಟದ್ದು 1949ರ ಮದರಾಸು ಅಳಿಯಸಂತಾನ ಕಾಯಿದೆಯಿಂದ. ಕಾರ್ಕಳ ತಾಲೂಕಿನ ನಂದಳಿಕೆಯಲ್ಲಿ ವರ್ಷಂಪ್ರತಿ ನಡೆಯುವ ಜಾತ್ರೆಗೆ ಆಧಾರವಾದ, ಸಿರಿ ಎಂಬ ಹೆಣ್ಣಿನ ಕಥೆಯ ಮೂಲದಲ್ಲಿರುವುದೂ ಹೆಣ್ಣಿನ ಆಸ್ತಿಹಕ್ಕಿನ ವ್ಯಾಜ್ಯವೇ. ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ ಅವರು ಗೋಪಾಲ ನಾಯ್ಕರ ಬಾಯಿಂದ ದಾಖಲಿಸಿದ ಸಿರಿಕಾವ್ಯವು 1998ರಲ್ಲಿ ಪ್ರಕಟವಾಗಿ ಹೊರನಾಡಿನ ಗಮನವನ್ನೂ ಸೆಳೆದಿದೆ.

ಗ್ರಾಮದ ನ್ಯಾಯಸ್ಥಾನವೆಂದರೆ ಭೂತಾರಾಧನೆಯ ಸ್ಥಳವಾದ ದೈವಸ್ಥಾನ. ಗಡಿಯ ತಕರಾರು, ನೀರಿನ ಜಗಳ, ಸಾಲದ ನಿರಾಕರಣೆ, ಆಣೆಪ್ರಮಾಣಗಳೆಲ್ಲ ನೇಮವೆಂಬ ಉತ್ಸವದ ರಾತ್ರಿ ದೈವದ ಮುಂದೆ ಬರುತ್ತಿದ್ದವು. ದೈವದ ನುಡಿಯನ್ನು ಮೀರಿ ಊರಿನಲ್ಲಿ ಬಾಳುವುದು ಕಷ್ಟವಾಗಿತ್ತು. ಆ ಅಂಗಳದಲ್ಲಿ ಗುತ್ತು, ಬರ್ಕೆ ಮೊದಲಾದ ಮನೆತನಗಳ ಮುಖ್ಯಸ್ಥರನ್ನು ದೈವವು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಸಂಬೋಧಿಸುವ ಕ್ರಮವುಂಟು. ಯಾರ ಮನೆಯ ಹೆಸರು ಮೊದಲು, ಯಾರದು ಅನಂತರ, ಯಾರು ಚಾವಡಿಯ ಮೇಲೆ, ಯಾರು ಅಂಗಳದ ಕೆಳಗೆ, ಎಂಬುದರಲ್ಲಿ ಗ್ರಾಮದ ಅಲಿಖಿತ ಸಂವಿಧಾನವೇ ಅಡಗಿತ್ತು. ಆ ಕ್ರಮದಲ್ಲಿ ಒಂದು ಹೆಸರು ಹಿಂದುಮುಂದಾದರೆ ಎರಡು ಮನೆತನಗಳ ನಡುವೆ ತಲೆಮಾರುಗಳ ವೈರ ಹುಟ್ಟುವುದುಂಟು. ಆದರೆ ದೈವದ ವೇಷ ಕಟ್ಟಿ ಧಣಿಗೆ ಬುದ್ಧಿ ಹೇಳುವವನು ಸಮಾಜದ ಅತ್ಯಂತ ಕೆಳಗಿನ ಜಾತಿಗಳಿಗೆ ಸೇರಿದವನು. ನುಡಿಯ ಆ ಅಧಿಕಾರ ಬೆಳಗಾಗುವುದರೊಳಗೆ ಮುಗಿಯುತ್ತಿತ್ತೆಂಬುದನ್ನೂ ಇಲ್ಲಿ ಹೇಳಲೇಬೇಕು.

ಗುತ್ತಿನ ದೊಡ್ಡ ಗದ್ದೆಯಲ್ಲಿ ನಡೆಯುತ್ತಿದ್ದ ಕಂಬಳವು ಕೋಣಗಳ ಓಟವಾಗಿರುವಂತೆಯೇ ಒಕ್ಕಲುಗಳ ನಿಷ್ಠೆಯ ಪ್ರದರ್ಶನವೂ ಆಗಿತ್ತು. ಕಾರ್ಕಳದ ಮಿಯ್ಯಾರಿನ ಲವ–ಕುಶ ಜೋಡುಕರೆ ಕಂಬಳ ಇಂದಿಗೂ ಪ್ರಸಿದ್ಧ. ಹಬ್ಬಗಳ ಸಂದರ್ಭದಲ್ಲಿ ಕೊರಗ ಸಮುದಾಯದವರನ್ನು ಅತ್ಯಂತ ಅಮಾನವೀಯವಾಗಿ ನಡೆಯಿಸಿಕೊಳ್ಳುತ್ತಿದ್ದ ಅಜಲು ಪದ್ಧತಿಯನ್ನು 2000ದ ಕಾಯಿದೆಯೊಂದು ನಿಷೇಧಿಸಿತು. ಅಷ್ಟು ಹೊತ್ತಿಗೆ ಗಣರಾಜ್ಯಕ್ಕೆ ಐವತ್ತು ವರ್ಷ ತುಂಬಿತ್ತು.

ಗೇಣಿಯ ವಿಧಗಳು

ಭೂಮಿಯನ್ನು ಸರಕಾರಕ್ಕೆ ತೀರ್ವೆ ಕೊಟ್ಟು ಹಿಡಿದವನು ವರ್ಗದಾರ, ಅವನ ಹಿಡುವಳಿಯೇ ವರ್ಗ. ವರ್ಗದಾರನಿಂದ ಭೂಮಿಯನ್ನು ಪಡೆದು ಉಳುವವನು ಒಕ್ಕಲು. ಶಾಶ್ವತವಾಗಿ, ಏರಿಳಿತವಿಲ್ಲದ ಗೇಣಿಗೆ ಕೊಟ್ಟದ್ದು ಮೂಲಗೇಣಿ. ಗೊತ್ತಾದ ಅವಧಿಗೆ ಕೊಟ್ಟದ್ದು ವಾಯಿದೆಗೇಣಿ. ಧಣಿಯ ಇಚ್ಛೆ ಇರುವವರೆಗೆ ಮಾತ್ರ ನಡೆಯುವುದು ಚಾಲಗೇಣಿ. ಮೂಲಗೇಣಿದಾರನು ಹೆಚ್ಚುಕಡಮೆ ಒಡೆಯನೇ ಆಗಿದ್ದನು. ಚಾಲಗೇಣಿಯ ಒಕ್ಕಲಿಗೆ ಅಂಥ ಭದ್ರತೆ ಇರಲಿಲ್ಲ. ಗ್ರಾಮದ ಬಡತನಕ್ಕೂ ವಿಧೇಯತೆಗೂ ಮೂಲವು ಬಹುಮಟ್ಟಿಗೆ ಚಾಲಗೇಣಿಯೇ ಎನ್ನಬೇಕು. ಇವರೆಲ್ಲರ ಕೆಳಗೆ, ಭೂಮಿಯೂ ಇಲ್ಲದೆ ಗೇಣಿಚೀಟೂ ಇಲ್ಲದೆ, ಒಂದೇ ಮನೆಗೆ ತಲೆತಲಾಂತರವಾಗಿ ದುಡಿಯುತ್ತಿದ್ದ ಮೂಲದಾಳುಗಳಿದ್ದರು.

ಗೇಣಿಯನ್ನು ಹಣದಲ್ಲಿ ಅಲ್ಲ, ಅಕ್ಕಿಯಲ್ಲಿ, ಮುಡಿಯ ಲೆಕ್ಕದಲ್ಲಿ ಅಳೆಯುತ್ತಿದ್ದರು. ಹದಿನಾಲ್ಕು ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ. ಎಂದರೆ ಮುಡಿಗೆ 42 ಸೇರು. ಬೈಹುಲ್ಲನ್ನು ಹಾಸಿ, ಅದರ ನಡುವೆ ಅಕ್ಕಿಯನ್ನು ಸುರಿದು, ತುದಿಗಳನ್ನು ಮೇಲಕ್ಕೆ ಕೂಡಿಸಿ, ಹುಲ್ಲಿನದೇ ಹಗ್ಗವನ್ನು ಸುತ್ತುತ್ತ, ಮರದ ಕೊಡತಿಯಿಂದ ಬಡಿಬಡಿದು ದುಂಡಗೆ ಬಿಗಿಯುವುದಕ್ಕೆ ಮುಡಿ ಕಟ್ಟುವುದೆನ್ನುತ್ತಾರೆ. ಕೈ ಪಳಗಿದವನು ಕಟ್ಟಿದ ಮುಡಿಯಿಂದ ಒಂದು ಕಾಳೂ ಉದುರುವುದಿಲ್ಲ, ಒಳಗಿನ ಅಕ್ಕಿಗೆ ಹುಳುವೂ ಸುಲಭವಾಗಿ ಬೀಳುವುದಿಲ್ಲ. ಗದ್ದೆಯ ವಿಸ್ತೀರ್ಣವನ್ನೂ ಅದಕ್ಕೆ ಬೇಕಾಗುವ ಬಿತ್ತದ ಲೆಕ್ಕದಲ್ಲಿ ಇಷ್ಟು ಮುಡಿಯ ಗದ್ದೆ, ಇಷ್ಟು ಕಳಸೆಯ ಗದ್ದೆ ಎಂದು ಹೇಳುವ ರೂಢಿಯಿತ್ತು. ಸುಗ್ಗಿ ಮುಗಿದ ಮೇಲೆ ಒಕ್ಕಲು ಈ ಮುಡಿಗಳನ್ನು ತಲೆಯ ಮೇಲೆ ಹೊತ್ತು ಧಣಿಯ ಅಂಗಳಕ್ಕೆ ಮುಟ್ಟಿಸಬೇಕಾಗಿತ್ತು. ಅದರೊಡನೆ ಹಬ್ಬಹುಣ್ಣಿಮೆಗೆ ತರಕಾರಿ, ಬಾಳೆಗೊನೆಗಳ ಕಾಣಿಕೆ, ಕರೆದಾಗ ಬಂದು ಮಾಡುವ ಬಿಟ್ಟಿಯ ಕೆಲಸ. ಮಳೆ ಕೆಟ್ಟ ವರ್ಷ ಗೇಣಿ ಸಲ್ಲಿಸಿ ಉಳಿದದ್ದು ಮಳೆಗಾಲದ ಗಂಜಿಗೂ ಸಾಲದೆ, ಅದೇ ಧಣಿಯಿಂದ ಅಕ್ಕಿಯನ್ನು ಸಾಲ ತರುವುದು ಅನಿವಾರ್ಯವಾಗುತ್ತಿತ್ತು.

ಬ್ರಿಟಿಷರ ಕಾಲ

1799ರಲ್ಲಿ ಕೆನರಾ ಎಂದು ಕರೆಯಲಾಗುತ್ತಿದ್ದ ಈ ಕರಾವಳಿ ಸೀಮೆಯು ಈಸ್ಟ್ ಇಂಡಿಯಾ ಕಂಪೆನಿಯ ವಶವಾದಾಗ ಮೊದಲ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ, ಇಲ್ಲಿನ ಭೂಮಿ ಪ್ರಾಚೀನ ಕಾಲದಿಂದಲೂ ಖಾಸಗಿ ಸ್ವತ್ತಾಗಿದೆಯೆಂದು ಕಂಡುಕೊಂಡು ತೀರ್ವೆಯನ್ನು ವರ್ಗದ ಮೇಲೆಯೇ ನಿಲ್ಲಿಸಿದನು. ಇದರಿಂದ ವರ್ಗದಾರನ ಹಕ್ಕು ಕಾಗದದ ಮೇಲೆ ಭದ್ರವಾಯಿತು. ಒಕ್ಕಲಿನ ಹಕ್ಕು ಆ ಕಾಗದದಲ್ಲಿ ಕಾಣಿಸಲೇ ಇಲ್ಲ. 1862ರಲ್ಲಿ ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಹೋಗಿ, ಈ ಸೀಮೆಯನ್ನೊಳಗೊಂಡ ದಕ್ಷಿಣ ಕನ್ನಡವು ಮದರಾಸು ಪ್ರಾಂತದಲ್ಲಿ ಉಳಿಯಿತು. ಗ್ರಾಮದಲ್ಲಿ ಸರಕಾರವೆಂದರೆ ಮೂವರು: ತೀರ್ವೆ ವಸೂಲು ಮಾಡುವ ಪಟೇಲ, ಲೆಕ್ಕ ಬರೆಯುವ ಶಾನುಭೋಗ, ಓಲೆ ಮುಟ್ಟಿಸುವ ಉಗ್ರಾಣಿ. ಪಟೇಲಿಕೆ ಸಾಮಾನ್ಯವಾಗಿ ಗುತ್ತಿನ ಮನೆಗೇ ದೊರೆಯುತ್ತಿದ್ದುದರಿಂದ ಹಳೆಯ ಅಧಿಕಾರಕ್ಕೆ ಹೊಸ ಮುದ್ರೆ ಬಿದ್ದಂತಾಯಿತು.

1884ರ ಕಾಯಿದೆಯಿಂದ ತಾಲೂಕು ಬೋರ್ಡುಗಳು ಬಂದರೂ ಮತದಾನವು ತೆರಿಗೆ ಕೊಡುವವರಿಗೆ ಸೀಮಿತವಾಗಿತ್ತು. ಈ ಕಾಲದ ನಿಜವಾದ ಹೊಸತನ ಸಹಕಾರ ಮತ್ತು ಬ್ಯಾಂಕುಗಳಿಂದ ಬಂದಿತು. ಮೊಳಹಳ್ಳಿ ಶಿವರಾಯರ ಪ್ರಯತ್ನದಿಂದ ಜಿಲ್ಲೆಯಲ್ಲಿ ಸಹಕಾರಿ ಸಂಘಗಳು ಹಬ್ಬಿದವು. 1925ರಲ್ಲಿ ಉಡುಪಿಯಲ್ಲಿ ಆರಂಭವಾಗಿ ಮುಂದೆ ಮಣಿಪಾಲದಿಂದ ನಡೆದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ತಂದು, ದಿನಕ್ಕೆ ಎರಡಾಣೆ ಉಳಿಸಬಲ್ಲವನ ಮನೆಬಾಗಿಲಿಗೂ ಹೋಯಿತು. ಧಣಿಯ ಪತ್ತಾಯವನ್ನು ಬಿಟ್ಟು ಬೇರೆ ಕಡೆ ಸಾಲ ಹುಟ್ಟುತ್ತದೆಂಬುದು ಒಕ್ಕಲಿಗೆ ಮೊದಲ ರಾಜಕೀಯ ಪಾಠವಾಯಿತೆಂದರೆ ತಪ್ಪಾಗದು.

ಭೂಸುಧಾರಣೆ

1956ರ ರಾಜ್ಯ ಪುನರ್ವಿಂಗಡಣೆಯಿಂದ ದಕ್ಷಿಣ ಕನ್ನಡ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. ಕಾಸರಗೋಡು ಕೇರಳಕ್ಕೆ ಹೋಯಿತು. ಗೇಣಿದಾರರ ಪರವಾಗಿ ಬಿ. ವಿ. ಕಕ್ಕಿಲ್ಲಾಯ ಮೊದಲಾದ ಕಮ್ಯೂನಿಸ್ಟ್ ನಾಯಕರು ನಡೆಸಿದ ರೈತಚಳವಳಿಯು ಚಾಲಗೇಣಿಯ ಪ್ರಶ್ನೆಯನ್ನು ಸಾರ್ವಜನಿಕವಾಗಿ ಎತ್ತಿತು. 1961ರ ಭೂಸುಧಾರಣಾ ಕಾಯಿದೆ 1965ರ ಅಕ್ಟೋಬರ್ 2ರಿಂದ ಜಾರಿಗೆ ಬಂದರೂ ಅದರ ಫಲ ಅಲ್ಪ. ದೇವರಾಜ ಅರಸರ ಸರಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ ಗೇಣಿಯ ಭೂಮಿಯೆಲ್ಲ ಸರಕಾರದಲ್ಲಿ ನಿಹಿತವಾಯಿತು. ಏಳನೆಯ ನಮೂನೆಯಲ್ಲಿ ಅರ್ಜಿ ಕೊಟ್ಟ ಒಕ್ಕಲಿಗೆ ತಾಲೂಕು ಭೂನ್ಯಾಯಮಂಡಳಿಯು ಅಧಿಭೋಗದ ಹಕ್ಕನ್ನು ಕೊಡುವ ವ್ಯವಸ್ಥೆಯಾಯಿತು. ಊರವರ ಬಾಯಲ್ಲಿ ಈ ಅರ್ಜಿಗೆ ‘ಡಿಕ್ಲರೇಶನ್’ ಎಂದೇ ಹೆಸರು. ಡಿಕ್ಲರೇಶನ್ ಕೊಡುವುದೆಂದರೆ ಧಣಿಯ ಎದುರಿಗೆ ನಿಲ್ಲುವುದು. ಕೆಲವರು ಹೆದರಿ ಕೊಡಲಿಲ್ಲ; ಕೆಲವರು ದೈವದ ಆಣೆಗೆ ಕಟ್ಟುಬಿದ್ದು ಹಿಂತೆಗೆದರು; ಬಹುಸಂಖ್ಯಾತರು ಕೊಟ್ಟರು. ಅರ್ಜಿಯ ಅವಧಿ 1979ರ ಜೂನ್ 30ರವರೆಗೆ ವಿಸ್ತರಿಸಲ್ಪಟ್ಟಿತು.

ಗೇಣಿಯ ಭೂಮಿಯೇ ಅಧಿಕವಾಗಿದ್ದ ಕರಾವಳಿಯಲ್ಲಿ ಈ ಕಾಯಿದೆಯ ಪರಿಣಾಮವು ರಾಜ್ಯದ ಬೇರೆ ಭಾಗಗಳಿಗಿಂತ ಆಳವಾಗಿತ್ತು. ಬಿಲ್ಲವ, ಕುಲಾಲ, ದೇವಾಡಿಗ, ಕ್ರೈಸ್ತ ಕುಟುಂಬಗಳೂ, ಗೇಣಿಗೆ ಉಳುತ್ತಿದ್ದ ಬಂಟ ಕುಟುಂಬಗಳೂ ಭೂಮಿಯ ಒಡೆತನವನ್ನು ಪಡೆದವು. ಧಣಿಗಳೆಂದರೆ ಎಲ್ಲರೂ ಸಿರಿವಂತರಾಗಿರಲಿಲ್ಲ. ನಾಲ್ಕು ಮುಡಿಯ ಗದ್ದೆಯ ಗೇಣಿಯಿಂದ ಬದುಕುತ್ತಿದ್ದ ವಿಧವೆಯರೂ ಅರ್ಚಕ ಕುಟುಂಬಗಳೂ ಒಂದೇ ಏಟಿಗೆ ನಿರಾಧಾರರಾದುದುಂಟು. ದೇವಸ್ಥಾನಗಳಿಗೆ ಭೂಮಿಯ ಬದಲು ತಸ್ದೀಕ್ ಎಂಬ ನಗದು ದೊರೆಯಿತು. ಭೂಮಿ ಇಲ್ಲದ ಮೂಲದಾಳುಗಳಿಗೆ ಗೇಣಿಚೀಟು ಇಲ್ಲದ್ದರಿಂದ ಗದ್ದೆಯೂ ದೊರೆಯಲಿಲ್ಲ. ಸುಧಾರಣೆಯ ದೊಡ್ಡ ಕೊರತೆ ಇದೇ. ಕಾಯಿದೆಯ ವ್ಯಾಪ್ತಿಗೆ ಬಾರದೆ ಉಳಿದ ಮೂಲಗೇಣಿದಾರರಿಗಾಗಿ 2011ರಲ್ಲಿ ಪ್ರತ್ಯೇಕ ಕಾನೂನು ರಚಿತವಾಯಿತು.

ಪಂಚಾಯತಿ ಮತ್ತು ಚುನಾವಣೆ

ವಂಶಪಾರಂಪರ್ಯದ ಪಟೇಲಿಕೆ ಮತ್ತು ಶಾನುಭೋಗಿಕೆಗಳನ್ನು 1961ರ ಗ್ರಾಮಾಧಿಕಾರಗಳ ರದ್ದತಿ ಕಾಯಿದೆ ತೆಗೆದುಹಾಕಿತು. 1959ರ ಕಾಯಿದೆಯ ಪಂಚಾಯತಿಗಳಲ್ಲಿ ಆರಂಭಕ್ಕೆ ಗುತ್ತಿನವರೇ ಅಧ್ಯಕ್ಷರಾಗಿ ಕುಳಿತರು. ಪರಿಸ್ಥಿತಿ ಬದಲಾದದ್ದು ಭೂಸುಧಾರಣೆಯ ಬಳಿಕ. ಸಚಿವ ಅಬ್ದುಲ್ ನಜೀರ್‌ಸಾಬರ ಮುತುವರ್ಜಿಯಿಂದ ಬಂದ 1983ರ ಕಾಯಿದೆಗೆ ಅನುಗುಣವಾಗಿ 1987ರಲ್ಲಿ ಮಂಡಲ ಪಂಚಾಯತಿ ಮತ್ತು ಜಿಲ್ಲಾ ಪರಿಷತ್ತುಗಳ ಚುನಾವಣೆ ನಡೆದು, ಮಹಿಳೆಯರಿಗೆ ಶೇಕಡಾ 25 ಸ್ಥಾನಗಳು ಮೀಸಲಾದವು. 1993ರ ಪಂಚಾಯತ್ ರಾಜ್ ಕಾಯಿದೆ ಇಂದಿನ ಮೂರು ಹಂತದ ವ್ಯವಸ್ಥೆಯನ್ನು ಸ್ಥಾಪಿಸಿತು. ಅದು ಅಂಗೀಕೃತವಾದಾಗ ಮುಖ್ಯಮಂತ್ರಿಗಳಾಗಿದ್ದವರು 1972ರಿಂದ ಕಾರ್ಕಳ ಕ್ಷೇತ್ರವನ್ನು ಸತತವಾಗಿ ಪ್ರತಿನಿಧಿಸುತ್ತಿದ್ದ ಎಂ. ವೀರಪ್ಪ ಮೊಯಿಲಿಯವರು. ಇಂದು ಮಹಿಳಾ ಮೀಸಲು ಶೇಕಡಾ 50. ಗ್ರಾಮ ಪಂಚಾಯತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆಗೆ ಅವಕಾಶವಿಲ್ಲವಾದರೂ ಅಭ್ಯರ್ಥಿ ಯಾವ ಪಕ್ಷದ ಬೆಂಬಲಿತನೆಂಬುದು ಊರಿನಲ್ಲಿ ಎಲ್ಲರಿಗೂ ತಿಳಿದಿರುತ್ತದೆ.

1997ರ ಆಗಸ್ಟ್ 25ರಂದು ಉಡುಪಿ ಪ್ರತ್ಯೇಕ ಜಿಲ್ಲೆಯಾಯಿತು. ಜಿಲ್ಲಾಡಳಿತದ ಕಚೇರಿಗಳು ಮಣಿಪಾಲದ ರಜತಾದ್ರಿಯಲ್ಲಿವೆ. ಮುಂದೆ ಕಾಪು, ಬ್ರಹ್ಮಾವರ, ಬೈಂದೂರು, ಹೆಬ್ರಿ ತಾಲೂಕುಗಳು ರಚಿತವಾದವು. ಭೂಸುಧಾರಣೆಯ ತರುವಾಯ ಒಕ್ಕಲುಗಳ ಮತ ಬಹುಕಾಲ ಕಾಂಗ್ರೆಸ್ಸಿನೊಡನೆ ನಿಂತಿತು. ಉಡುಪಿ ಲೋಕಸಭಾ ಕ್ಷೇತ್ರವನ್ನು 1980ರಿಂದ 1998ರವರೆಗೆ ಆಸ್ಕರ್ ಫೆರ್ನಾಂಡಿಸರು ಪ್ರತಿನಿಧಿಸಿದರು. ಭೂಮಿ ಪಡೆದವರ ಮಕ್ಕಳ ಕಾಲಕ್ಕೆ ಆ ಋಣಸಂಬಂಧ ಸಡಿಲಗೊಂಡು, 2018 ಮತ್ತು 2023ರ ವಿಧಾನಸಭಾ ಚುನಾವಣೆಗಳಲ್ಲಿ ಜಿಲ್ಲೆಯ ಐದೂ ಸ್ಥಾನಗಳು ಭಾರತೀಯ ಜನತಾ ಪಕ್ಷಕ್ಕೆ ಹೋದವು.

ವಿಶೇಷ ಬೆಳೆಗಳ ಗ್ರಾಮಗಳು

ಭತ್ತವಲ್ಲದೆ ಬೇರೆ ಬೆಳೆಯಿಂದ ಹೆಸರಾದ ಗ್ರಾಮಗಳೂ ಉಂಟು. ಕಟಪಾಡಿಯ ಸಮೀಪದ ಮಟ್ಟುವಿನಲ್ಲಿ ಬೆಳೆಯುವ ಹಸಿರು ಬಣ್ಣದ ದುಂಡು ಬದನೆಯಾದ ಮಟ್ಟುಗುಳ್ಳದ ಬೀಜವನ್ನು ಸೋದೆ ಮಠದ ವಾದಿರಾಜರು ಕೊಟ್ಟರೆಂಬುದು ಐತಿಹ್ಯ. ಅದಕ್ಕೆ 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಶಂಕರಪುರದ ಸುತ್ತಣ ಗ್ರಾಮಗಳಲ್ಲಿ ಮನೆಯಂಗಳದಲ್ಲಿಯೇ ಬೆಳೆಯುವ ಮಲ್ಲಿಗೆಯನ್ನು ಹೆಂಗಸರು ಬೆಳಗಿನಲ್ಲಿಯೇ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಚೆಂಡು ಮತ್ತು ಅಟ್ಟೆಯ ಲೆಕ್ಕದಲ್ಲಿ ಮಾರಾಟಕ್ಕೆ ಕೊಡುತ್ತಾರೆ. ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಟ್ಟೆಯ ದರ ಪ್ರತಿದಿನ ನಿಗದಿಯಾಗುತ್ತದೆ. ಭೂಮಿ ಅಲ್ಪವಾದರೂ ಹೆಂಗಸರ ಕೈಗೆ ನೇರವಾಗಿ ಹಣ ತಂದ ಬೆಳೆಯೆಂಬ ದೃಷ್ಟಿಯಿಂದ ಇದರ ಮಹತ್ತ್ವ ಹೆಚ್ಚು.

ಕೈಗಾರಿಕೆ ಮತ್ತು ಪ್ರತಿಭಟನೆ

ಕಾಪು ತಾಲೂಕಿನ ನಂದಿಕೂರಿನಲ್ಲಿ ಅಮೆರಿಕದ ಕೊಜೆಂಟ್ರಿಕ್ಸ್ ಕಂಪೆನಿ ಕಟ್ಟಬೇಕೆಂದಿದ್ದ ಕಲ್ಲಿದ್ದಲ ವಿದ್ಯುತ್ ಸ್ಥಾವರವನ್ನು 1990ರ ದಶಕದಲ್ಲಿ ರೈತರೂ ಪರಿಸರವಾದಿಗಳೂ ವಿರೋಧಿಸಿದರು. 1999ರಲ್ಲಿ ಕಂಪೆನಿ ಹಿಂದೆ ಸರಿಯಿತು. ಆದರೆ ಯೋಜನೆಯ ಕಲ್ಪನೆ ಹಿಂದೆ ಸರಿಯಲಿಲ್ಲ. ನೆರೆಯ ಎಲ್ಲೂರಿನಲ್ಲಿ ಉಡುಪಿ ಪವರ್ ಕಾರ್ಪೊರೇಶನ್ನಿನ 600 ಮೆಗಾವಾಟಿನ ಎರಡು ಘಟಕಗಳು ಸ್ಥಾಪನೆಯಾಗಿ, ಮೊದಲನೆಯದು 2010ರಲ್ಲಿ ಕೆಲಸ ಆರಂಭಿಸಿತು. ಹಾರುಬೂದಿಯಿಂದಲೂ ಉಪ್ಪುನೀರಿನಿಂದಲೂ ಗದ್ದೆ, ಬಾವಿ, ಮಲ್ಲಿಗೆಯ ಗಿಡಗಳು ಕೆಡುತ್ತವೆಂಬ ದೂರುಗಳು ಗ್ರಾಮಸಭೆಯಿಂದ ಹಸಿರು ನ್ಯಾಯಮಂಡಳಿಯವರೆಗೆ ಹೋದವು. 2022ರಲ್ಲಿ ನ್ಯಾಯಮಂಡಳಿಯು ಸ್ಥಾವರದ ಕಂಪೆನಿಗೆ ಪರಿಸರ ಪರಿಹಾರವನ್ನು ಕಟ್ಟುವಂತೆ ಆದೇಶಿಸಿತು. ಧಣಿ–ಒಕ್ಕಲುಗಳ ಭೇದವನ್ನು ಮರೆತು ಗ್ರಾಮವು ಒಟ್ಟಾಗಿ ಒಂದು ಪಕ್ಷವಾಗಿ ನಿಂತ ಪ್ರಸಂಗಗಳಲ್ಲಿ ಇದು ಮುಖ್ಯವಾದುದು.

ಇಂದಿನ ಸ್ಥಿತಿ

ಮುಂಬಯಿಯ ಹೋಟೆಲುಗಳಿಗೂ ಕೊಲ್ಲಿ ದೇಶಗಳಿಗೂ ಹೋದ ತಲೆಮಾರುಗಳಿಂದ ಗ್ರಾಮಕ್ಕೆ ಹಣ ಬಂದಿದೆ. ಉಳುವ ಕೈಗಳು ಕಡಮೆಯಾಗಿವೆ. ಸುಗ್ಗಿ ಮತ್ತು ಕೊಳಕೆಗಳು ಹಲವೆಡೆ ನಿಂತುಹೋಗಿ, ಗದ್ದೆಗಳು ಅಡಿಕೆಯ ತೋಟಗಳೋ ಮನೆನಿವೇಶನಗಳೋ ಆಗಿವೆ, ಇಲ್ಲವೇ ಹಡಿಲು ಬಿದ್ದಿವೆ. ಉಡುಪಿಯ ಸುತ್ತಮುತ್ತ 2021ರಲ್ಲಿ ಕೇದಾರೋತ್ಥಾನ ಟ್ರಸ್ಟಿನ ಮೂಲಕ ಹಡಿಲು ಗದ್ದೆಗಳಲ್ಲಿ ಮತ್ತೆ ನೇಜಿ ನೆಡುವ ಆಂದೋಲನ ನಡೆಯಿತು. 2020ರ ತಿದ್ದುಪಡಿಯಿಂದ ಕೃಷಿಕರಲ್ಲದವರೂ ಕೃಷಿಭೂಮಿಯನ್ನು ಕೊಳ್ಳಬಹುದಾಗಿದೆ. ದೈವಸ್ಥಾನಗಳು ವಲಸೆ ಹೋದವರ ಹಣದಿಂದ ಜೀರ್ಣೋದ್ಧಾರಗೊಂಡು, ವ್ಯವಸ್ಥಾಪನಾ ಸಮಿತಿಗಳಲ್ಲಿ ಹಿಂದಿನ ಒಕ್ಕಲುಗಳ ಮನೆಯವರೂ ಕುಳಿತಿದ್ದಾರೆ. ಗೇಣಿಯ ವ್ಯಾಜ್ಯಗಳು ಬಹುಮಟ್ಟಿಗೆ ತೀರ್ಮಾನವಾಗಿದ್ದರೂ, ಕುಮ್ಕಿ ಭೂಮಿಯನ್ನು ವರ್ಗದಾರರಿಗೇ ಮಂಜೂರು ಮಾಡಬೇಕೆಂಬ ಬೇಡಿಕೆಯೂ ಅದು ಭೂರಹಿತರಿಗೆ ಸಲ್ಲಬೇಕೆಂಬ ವಾದವೂ ಗ್ರಾಮಸಭೆಗಳಲ್ಲಿ ಈಗಲೂ ಎದುರುಬದುರಾಗಿಯೇ ಇವೆ.